ಅಣ್ಣ ಚೀಲ ಹೊತ್ತ ವರ್ಷ

ಕಳೆದ ತಿಂಗಳು ಕಾಲೇಜಿನ ಮಕ್ಕಳನ್ನು ಕಟ್ಟಿಕೊಂಡು ಹಂಪಿಗೆ ಹೋಗಿದ್ದೆ. ಹೇಮಕೂಟದ ಬಂಡೆಯ ಮೇಲೆ ಒಬ್ಬ ಹುಡುಗಿ ಜಾರಿ ಮೊಣಕಾಲು ತರಚಿಕೊಂಡಳು. ಬ್ಯಾಗಿನಿಂದ ಸ್ಪಿರಿಟ್ ಬಾಟಲಿ ತೆಗೆದು, ಹತ್ತಿಗೆ ಸುರಿದು ಗಾಯ ಒರೆಸುತ್ತಿದ್ದೆ. ಪಕ್ಕದಲ್ಲಿ ಯಾರೋ ತಿಂದು ಎಸೆದ ಬಾಳೆಹಣ್ಣಿನ ಸಿಪ್ಪೆಗಳು ಬಿಸಿಲಿಗೆ ಕಪ್ಪಾಗಿ ಬಿದ್ದಿದ್ದವು. ಅವನ್ನು ಕೆದಕುತ್ತ ಎರಡು ಮಂಗಗಳು ಕೂತಿದ್ದವು. ಸ್ಪಿರಿಟ್ಟು, ಕೊಳೆತ ಬಾಳೆಹಣ್ಣು, ಮಂಗನ ಮೈ, ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಬಿಟ್ಟಿತು. "ಮೇಡಂ, ಉರೀತಿದೆ, ಬೇಗ ಒರೆಸಿ" ಎಂದು ಆ ಹುಡುಗಿ ಹೇಳಿದ ಮೇಲೆಯೇ ನನಗೆ ಎಚ್ಚರವಾದದ್ದು. ಹಂಪಿ ನೋಡಲು ಬಂದವರಿಗೆ ಕಲ್ಲು ಕಾಣುತ್ತದೆ, ಹೊಳೆ ಕಾಣುತ್ತದೆ. ನನಗೆ ಅಲ್ಲಿ ಕಾಣುವುದು ಒಂದೇ ವರ್ಷ, ಅದರಲ್ಲೂ ಮಳೆ ಹಿಂದಾಗಿ ಭತ್ತ ತೆನೆ ಕಟ್ಟುವ ಆ ಮೂರು ನಾಲ್ಕು ತಿಂಗಳು.

ಆಗ ನಾನು ಎಂ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಪ್ರಯೋಗಾಲಯದ ಕೆಲಸಕ್ಕೆ ಸೇರಿದ್ದೆ. ನಮ್ಮೂರು ಕಂಪ್ಲಿ. ಹಂಪಿಗೆ ಹತ್ತಿರದವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಅಲ್ಲಿಗೆ ಹಾಕಿದರು. ಬೆದೆಗಾಲದಲ್ಲಿ ಗಂಡು ಮಂಗಗಳ ಮೈಯೊಳಗೆ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಯಾವಾಗ ಏರುತ್ತದೆ, ಯಾರಲ್ಲಿ ಹೆಚ್ಚು ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ತಿಳಿಯುವುದು ನಮ್ಮ ಕೆಲಸ. ಹಿಡಿದು ರಕ್ತ ತೆಗೆಯಲು ಹೋದರೆ ಪ್ರಾಣಿ ಬೆದರುತ್ತದೆ, ಬೆದರಿದರೆ ಮೈಯೊಳಗಿನದೆಲ್ಲ ಏರುಪೇರಾಗುತ್ತದೆ. ಆದ್ದರಿಂದ ಒಂದು ಗಂಡಿನ ಹಿಂದೆ ಬೆಳಗಿನಿಂದ ನಡೆದು, ಅದು ಮಲ ಹಾಕುವವರೆಗೆ ಕಾದು, ಬಿಸಿ ಆರುವುದರೊಳಗೆ ಕಡ್ಡಿಯಿಂದ ಎತ್ತಿ ಸ್ಪಿರಿಟ್ ತುಂಬಿದ ಕೊಳವೆಗೆ ಹಾಕಿ ಐಸ್ ಡಬ್ಬಿಯಲ್ಲಿ ಇಡಬೇಕು. ನಿನ್ನೆ ರಕ್ತದಲ್ಲಿ ಓಡಾಡಿದ ಹಾರ್ಮೋನಿನ ಚೂರುಪಾರು ಇವತ್ತಿನ ಮಲದಲ್ಲಿ ಸಿಗುತ್ತವೆ. ಇದನ್ನು ಮನೆಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

"ಇಷ್ಟು ಓದ್ಸಿದ್ದು ಮಂಗ್ಯಾನ ಹೇಲು ಬಳಿಯಾಕೇನವ್ವಾ?" ಎಂದು ಅವ್ವ ಕೇಳಿದಳು. ಅವಳು ತಮಾಷೆಗೆ ಕೇಳಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಳು. ಅದಕ್ಕೇ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ಅತ್ತಿಗೆ ನೀಲಾ.

ಕಮಲಾಪುರದಲ್ಲಿ ಒಂದು ಕೋಣೆ ಹಿಡಿದೆ. ಜೊತೆಗೆ ಕೆಲಸಕ್ಕೆಂದು ಹನುಮಂತಣ್ಣ ಸಿಕ್ಕ. ನಲವತ್ತು ದಾಟಿದ ಮನುಷ್ಯ, ಮೊದಲು ಬಾಳೆ ತೋಟದಲ್ಲಿ ಕವಣೆ ಹಿಡಿದು ಮಂಗ ಓಡಿಸುತ್ತಿದ್ದ. "ಆಗ ಮಂಗ್ಯಾನ ಓಡ್ಸಾಕ ಪಗಾರ ಕೊಡ್ತಿದ್ರು, ಈಗ ಮಂಗ್ಯಾನ ಹಿಂದ ಓಡಾಕ ಕೊಡಾಕತ್ತಾರ. ನನ್ನ ಹಣ್ಯಾಗ ಮಂಗ್ಯಾ ಬರ್ದೈತ್ರಿ ಅಕ್ಕಾರ" ಎನ್ನುತ್ತಿದ್ದ. ಗುಂಪಿನ ಗಂಡುಗಳಿಗೆ ಹೆಸರಿಟ್ಟವನೂ ಅವನೇ. ಎಲ್ಲಕ್ಕೂ ಮೇಲಾದ ದಪ್ಪ ಗಂಡಿಗೆ ಗೌಡ ಎಂದು ಹೆಸರಿಟ್ಟಿದ್ದ. ಬಾಲದ ತುದಿ ತುಂಡಾದ, ಯಾರ ಕಣ್ಣಿಗೂ ಬೀಳದಂತೆ ಓಡಾಡುವ ಸಣಕಲು ಗಂಡು ಮೋಟ. ಗೌಡ ಹೆಣ್ಣಿನ ಹಿಂದೆ ರಾಜಾರೋಷವಾಗಿ ತಿರುಗುತ್ತಿತ್ತು. ಮೋಟ ಬಂಡೆಯ ಹಿಂದೆ ಕಾದು, ಗೌಡ ಆ ಕಡೆ ತಿರುಗಿದ ಕೂಡಲೇ ತನ್ನ ಕೆಲಸ ಮುಗಿಸಿಕೊಂಡು ಬಂದು, ಏನೂ ಆಗದವನಂತೆ ಹೇನು ಹೆಕ್ಕುತ್ತ ಕೂಡುತ್ತಿತ್ತು.

ಐಸ್ ಸಿಗಬೇಕೆಂದರೆ ಹೊಸಪೇಟೆಗೇ ಹೋಗಬೇಕಿತ್ತು. ಆ ಕೆಲಸವನ್ನು ನಮ್ಮ ಅಣ್ಣ ವೀರೇಶ ತಾನಾಗಿ ವಹಿಸಿಕೊಂಡ. ಅಪ್ಪ ತೀರಿಕೊಂಡ ಮೇಲೆ ಕಂಪ್ಲಿಯ ನಮ್ಮ ರೈಸ್ ಮಿಲ್ಲು ನೋಡಿಕೊಳ್ಳುತ್ತಿದ್ದವನು ಅವನು. ವಾರದಲ್ಲಿ ಎರಡು ಮೂರು ಸಲ ಹೊಸಪೇಟೆಗೆ ಅಕ್ಕಿ ಹಾಕಲು ಬರುತ್ತಿದ್ದ, ಹಿಂದಿರುಗುವಾಗ ಐಸ್ ಗಡ್ಡೆಯನ್ನು ಭತ್ತದ ಹೊಟ್ಟಿನಲ್ಲಿ ಸುತ್ತಿ ತರುತ್ತಿದ್ದ. ಜೊತೆಗೆ ಮಂಡಕ್ಕಿಯ ಬಿಸಿ ಒಗ್ಗಾಣಿ, ಮಿರ್ಚಿ. ಅವನಂಥ ಅಣ್ಣ ಸಿಗುವುದು ಕಷ್ಟ. ನಾನು ಓದಬೇಕೆಂದಾಗ ಅವ್ವನ ಎದುರು ನನ್ನ ಪರ ನಿಂತವನು ಅವನೇ.

ಆ ವರ್ಷ ಅಣ್ಣ ಊದಿಕೊಂಡಿದ್ದ. ಕುತ್ತಿಗೆ ದಪ್ಪವಾಗಿತ್ತು, ಅಂಗಿಯ ತೋಳು ಹರಿಯುವಂತಿತ್ತು, ಈ ವಯಸ್ಸಿನಲ್ಲಿ ಬೆನ್ನ ತುಂಬ ಮೊಡವೆ. ಹೊಸಪೇಟೆಯಲ್ಲಿ ಜಿಮ್ಮಿಗೆ ಸೇರಿದ್ದೇನೆ ಎಂದ. ಅವ್ವನಿಗೆ ಹೆಮ್ಮೆಯೋ ಹೆಮ್ಮೆ, ಶನಿವಾರ ಬಂತೆಂದರೆ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯುತ್ತಿದ್ದಳು. ಮಿಲ್ಲಿನ ಹಮಾಲರು ಸಾವುಕಾರರ ರಟ್ಟೆ ಮುಟ್ಟಿ ನೋಡುತ್ತಿದ್ದರು.

ಆ ರಟ್ಟೆಯ ಹಿಂದೆ ಒಂದು ಕಥೆ ಇದೆ. ನಮ್ಮ ಅಜ್ಜ ಮೊದಲು ಹಮಾಲನಾಗಿದ್ದವನು. ಬೇರೆಯವರ ಮಿಲ್ಲಿನಲ್ಲಿ ಚೀಲ ಹೊತ್ತು ಹೊತ್ತು ಕಡೆಗೆ ತನ್ನದೇ ಮಿಲ್ಲು ಮಾಡಿದ. ಆ ನೆನಪಿಗೆ ಅವನು ಹಾಕಿದ ಪದ್ಧತಿ ಒಂದಿತ್ತು. ಪ್ರತಿ ವರ್ಷ ಹೊಸ ಭತ್ತ ಬಂದ ದಿನ ಯಂತ್ರಕ್ಕೆ ಪೂಜೆ ಮಾಡಿ, ಮೊದಲನೇ ಚೀಲವನ್ನು ಮಾಲೀಕನೇ ಬೆನ್ನ ಮೇಲೆ ಹೊತ್ತು ತಂದು ಯಂತ್ರಕ್ಕೆ ಭತ್ತ ಹೋಗುವ ಗುಂಡಿಗೆ ಸುರಿಯಬೇಕು. ಎಪ್ಪತ್ತೈದು ಕೆ.ಜಿ. ಚೀಲ. ಅಜ್ಜ ಹೊತ್ತ, ಅಪ್ಪ ಹೊತ್ತ. ನಾನು ಹಂಪಿಗೆ ಬರುವ ಹಿಂದಿನ ವರ್ಷ ಅಪ್ಪ ತೀರಿಕೊಂಡು ಅಣ್ಣನ ಪಾಳಿ ಬಂತು. ಅರ್ಧ ದಾರಿಯಲ್ಲಿ ಅವನ ಮೊಣಕಾಲು ಮಡಚಿ ಚೀಲ ನೆಲಕ್ಕೆ ಬಿದ್ದು ಬಾಯಿ ಬಿಚ್ಚಿ ಭತ್ತ ಚೆಲ್ಲಿತು. ಯಾರೂ ನಗಲಿಲ್ಲ. ಒಬ್ಬ ಹಮಾಲ ಸುಮ್ಮನೆ ಬಂದು ಅದನ್ನು ಬಾಚಿ ತುಂಬಿ ಹೊತ್ತುಕೊಂಡು ಹೋದ. ನಕ್ಕಿದ್ದರೆ ಅಣ್ಣ ಮರೆಯುತ್ತಿದ್ದನೋ ಏನೋ.

ಅದೇ ವರ್ಷ ಮನೆಯಲ್ಲಿ ಮಕ್ಕಳಾಗಲಿಲ್ಲ ಎಂಬ ಮಾತು ಜೋರಾಯಿತು. ಮದುವೆಯಾಗಿ ಎರಡು ಮೂರು ವರ್ಷ ಆಗಿತ್ತು. ಬಂಡ್ರಿಯ ಒಕ್ಕಲು ಮನೆಯ ಹುಡುಗಿ ನೀಲತ್ತಿಗೆ. ನನಗಿಂತ ಎರಡೇ ವರ್ಷ ದೊಡ್ಡವಳು, ಅತ್ತಿಗೆ ಅನ್ನುವುದಕ್ಕಿಂತ ಗೆಳತಿ. ಭಾನುವಾರ ನಾನು ಕಂಪ್ಲಿಗೆ ಹೋದರೆ ಹಿತ್ತಲಲ್ಲಿ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. "ಮೊದ್ಲ ಕೈ ತೊಳ್ಕೋ, ಮಂಗ್ಯಾನ ಮುಟ್ಟೀದಿ" ಎಂದು ಗದರಿಯೇ ಶುರು ಮಾಡುತ್ತಿದ್ದಳು. ಅಂಥ ಒಂದು ಭಾನುವಾರ ಬಾಚಣಿಗೆ ನಿಲ್ಲಿಸದೆ ಹೇಳಿದಳು.

"ಬಳ್ಳಾರ್ಯಾಗ ತೋರ್ಸಿದ್ರು, ಹುಬ್ಬಳ್ಳ್ಯಾಗ ತೋರ್ಸಿದ್ರು. ಹುಲಿಗಿ ಅಮ್ಮಗ ಬರಿಗಾಲಲೆ ನಡದು ಬಂದೆ. ಎಲ್ಲಾ ಡಾಕ್ಟ್ರೂ ನಿಮಗೇನೂ ಇಲ್ಲ, ಯಜಮಾನ್ರನ್ನ ಕರ್ಕೊಂಡು ಬರ್ರಿ ಅಂತಾರ. ಅದನ್ನ ನಾ ಅತ್ತಿ ಮುಂದ ಹೆಂಗ ಹೇಳ್ಲಿ? ನಿಮ್ಮಣ್ಣನ ನೋಡಿದ್ರ ಯಾರರ ನಂಬ್ತಾರೇನು?"

"ಅವ್ವ ಏನಂತಾಳ?"

"ಸಂಡೂರಾಗ ಒಂದು ಹುಡುಗಿ ನೋಡ್ಯಾಳ. ಯುಗಾದಿ ಆದ ಮ್ಯಾಲೆ ಅಂತ. ನೀನೂ ಮನ್ಯಾಗ ಇರು, ನಿನ್ನೇನು ಹೊರಗ ಹಾಕಂಗಿಲ್ಲ ಅಂದ್ಲು ನಂಗ."

ಅವ್ವ ಕೆಟ್ಟವಳಲ್ಲ. ಆ ಮಾತನ್ನು ಅವಳು ದೊಡ್ಡ ಮನಸ್ಸಿನ ಮಾತೆಂದೇ ಆಡಿದ್ದಳು. ಅತ್ತಿಗೆ ಅತ್ತಳೋ ಇಲ್ಲವೋ, ಹಿಂದೆ ಕೂತಿದ್ದರಿಂದ ನನಗೆ ಕಾಣಲಿಲ್ಲ. ಜಡೆ ಮಾತ್ರ ಆ ದಿನ ಭಾಳ ಬಿಗಿಯಾಗಿ ಹೆಣೆದಳು.

ದಸರೆಯ ಆಸುಪಾಸಿನಲ್ಲಿ ಮಂಗಗಳ ಗಲಾಟೆ ಏರಿತು. ಗಂಡುಗಳ ಮುಖ ಕೆಂಪಾಯಿತು, ಕೂಗಾಟ ಹೆಚ್ಚಿತು, ಮೈ ಮೇಲೆ ಗಾಯಗಳು ಕಂಡವು. ಹನುಮಂತಣ್ಣ ಮತ್ತು ನಾನು ಬೆಳಕು ಹರಿಯುವ ಮೊದಲೇ ಬಂಡೆ ಹತ್ತುತ್ತಿದ್ದೆವು. ಒಂದು ಮಧ್ಯಾಹ್ನ ಅಣ್ಣ ಐಸ್ ತಂದವನು ಹೋಗಲಿಲ್ಲ. ನನ್ನ ಪಕ್ಕ ಬಂಡೆಯ ನೆರಳಲ್ಲಿ ಕೂತು ಗೌಡನನ್ನೇ ನೋಡುತ್ತಿದ್ದ. ಹನುಮಂತಣ್ಣ ಕೆಳಗೆ ನೀರು ತರಲು ಹೋಗಿದ್ದ.

"ಈ ಗೌಡಗ ಎಲ್ಲಾರಕಿಂತ ಶಕ್ತಿ ಜಾಸ್ತಿ ಅಲ್ಲ? ಹಂಗಾರ ಮರಿನೂ ಇವನವ ಜಾಸ್ತಿ ಇರ್ತಾವ?" ಎಂದು ಕೇಳಿದ.

"ಹಂಗೇನಿಲ್ಲಣ್ಣ. ಆ ಮೋಟ ಐತಲ್ಲ, ಅದರವೂ ಇರ್ತಾವ. ಮೈ ದಪ್ಪ ಇದ್ರ ಮರಿ ಆಗ್ತಾವ ಅಂತ ಏನಿಲ್ಲ."

ಅಣ್ಣನ ಮುಂದೆ ಇಂಥ ಮಾತು ಆಡುವಾಗ ನನಗೆ ಸಂಕೋಚವಾಗುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಪಾಠ ಮಾಡುವವಳಂತೆ ಶುರು ಮಾಡಿದೆ. ತಲೆಯೊಳಗೆ, ಮೆದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಇರುತ್ತದೆ. ಅಲ್ಲಿಂದ ರಕ್ತದಲ್ಲಿ ಸುದ್ದಿ ಹೊರಟು ವೃಷಣಕ್ಕೆ ಮುಟ್ಟುತ್ತದೆ. ಸುದ್ದಿ ಮುಟ್ಟಿದ ಮೇಲೆ ಅಲ್ಲಿ ಎರಡು ಕೆಲಸ ನಡೆಯುತ್ತವೆ, ಒಂದು ಟೆಸ್ಟೋಸ್ಟಿರಾನ್ ತಯಾರಾಗುವುದು, ಇನ್ನೊಂದು ವೀರ್ಯಾಣು ತಯಾರಾಗುವುದು. ಟೆಸ್ಟೋಸ್ಟಿರಾನ್ ರಕ್ತದಲ್ಲಿ ಸಾಕಷ್ಟು ಸೇರಿತೆಂದರೆ ಅದೇ ತಿರುಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಸಾಕು ಎಂದು. ಆಗ ಮೆದುಳು ಸುಮ್ಮನಾಗುತ್ತದೆ. ಮಂಗನಿಗೂ ಹೀಗೆಯೇ, ಮನುಷ್ಯನಿಗೂ ಹೀಗೆಯೇ. ಮಂಗನಿಗೆ ಕಾಲಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ, ಅಷ್ಟೇ.

ಅಣ್ಣ ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಕಲ್ಲಿನ ಚೂರೊಂದನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ.

"ಮತ್ತ ಅದನ್ನ ಹೊರಗಿಂದ ಕೊಟ್ರ? ಇಂಜೆಕ್ಷನ್ ಮಾಡಿ?"

"ಹೊರಗಿಂದ ಕೊಟ್ರ ಮೈ ಬರ್ತೈತಿ, ರಟ್ಟಿ ಬರ್ತೈತಿ. ಆದ್ರ ಮೆದುಳಿಗೆ ಏನು ಗೊತ್ತು ಅದು ಹೊರಗಿಂದು ಅಂತ? ಸಾಕಷ್ಟು ಐತಿ ಅಂತ ತಿಳ್ಕೊಂಡು ತಾನು ಸುದ್ದಿ ಕಳ್ಸೂದ ನಿಲ್ಲಿಸಿಬಿಡ್ತೈತಿ. ಸುದ್ದಿ ಬರ್ಲಿಲ್ಲ ಅಂದ್ರ ಒಳಗಿನ ಕೆಲಸ ನಿಂತು ಹೋಗ್ತೈತಿ. ವೀರ್ಯಾಣು ಆಗಂಗಿಲ್ಲ."

ಹೇಳಿ ಮುಗಿಸಿ ಅವನ ಕಡೆ ನೋಡಿದೆ. ಮುಖದ ಬಣ್ಣ ಇಳಿದುಹೋಗಿತ್ತು. ನಾನು ಅಂಗಿಯ ತೋಳು ನೋಡಿದೆ, ಕುತ್ತಿಗೆಯ ಮೊಡವೆ ನೋಡಿದೆ. ಇಷ್ಟು ದಿನ ಕಣ್ಣೆದುರೇ ಇದ್ದದ್ದು ಆಗ ಅರ್ಥವಾಯಿತು.

"ಎಷ್ಟು ದಿವ್ಸದಿಂದಣ್ಣ?"

"ಅಪ್ಪ ತೀರಿದ ವರ್ಷ ಚೀಲದ ಪೂಜಿ ಆತಲ್ಲ, ಅವತ್ತಿಂದ. ಜಿಮ್ಮಿನಾಂವ ಕೊಡ್ತಾನ. ವಾರಕ್ಕೊಂದು" ಎಂದ. ಕೈಯಲ್ಲಿದ್ದ ಕಲ್ಲಿನ ಚೂರು ಕೆಳಗೆ ಎಸೆದು ಹೇಳಿದ, "ಮೈಯಾಗ ಶಕ್ತಿ ಇಲ್ಲದ್ದಕ್ಕ ಕೂಸು ಆಗವಲ್ದು ಅನ್ಕೊಂಡಿದ್ದೆ ಉಮಾ. ಚೀಲ ಹೊರಾಕ ಆಗ್ದಾಂವಗ ಮಕ್ಕಳು ಹೆಂಗ ಆಗ್ತಾವ ಅಂತ. ಕೂಸು ಆಗ್ಲಿ ಅಂತ ತಗೊಂಡೆ ನಾ."

ಅವನು ಅದನ್ನು ತಗೊಂಡದ್ದು ಮಗುವಿಗಾಗಿ. ಜಗತ್ತಿನಲ್ಲಿ ಎಷ್ಟೋ ಗಂಡಸರು ಕನ್ನಡಿಗಾಗಿ, ಹುಡುಗಿಯರಿಗಾಗಿ ಆ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ನಮ್ಮಣ್ಣ ಅಪ್ಪನಾಗಬೇಕೆಂದು ಚುಚ್ಚಿಸಿಕೊಂಡು, ಆ ಬಾಗಿಲನ್ನೇ ತನ್ನ ಕೈಯಾರೆ ಮುಚ್ಚಿಕೊಂಡಿದ್ದ. ಅವನ ತಲೆಯಲ್ಲಿ ಬಿದ್ದ ಚೀಲ ಮತ್ತು ಹುಟ್ಟದ ಮಗು ಒಂದೇ ಆಗಿಬಿಟ್ಟಿದ್ದವು. ನಮ್ಮ ಮನೆಯಲ್ಲಿ ಬೆಳೆದವರಿಗೆ ಮಾತ್ರ ಹಾಗನ್ನಿಸಲು ಸಾಧ್ಯ.

ಹೆಂಡತಿಗೆ ಹೇಳುವುದಕ್ಕೂ ಅವನಿಗೆ ಬಾಯಿ ಬರಲಿಲ್ಲ, ನಾನೇ ಹೇಳಿದೆ. ಮೂವರೂ ಹೊಸಪೇಟೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಪರೀಕ್ಷೆಯಲ್ಲಿ ವೀರ್ಯಾಣು ಒಂದೂ ಕಾಣಲಿಲ್ಲ. ಡಾಕ್ಟರು ಬೈಯಲಿಲ್ಲ, ಇಂಥವರನ್ನು ಭಾಳ ನೋಡಿದ್ದರು ಅಂತ ಕಾಣುತ್ತದೆ. "ಇವತ್ತಿಂದ ಪೂರ್ತಿ ಬಿಡ್ರಿ. ಮೈ ತಾನಾಗಿ ಸರಿ ಆಗ್ತದ. ಆರೆಂಟು ತಿಂಗಳೂ ಆಗಬಹುದು, ವರ್ಷದ ಮೇಲೂ ಆಗಬಹುದು. ಮೊದಮೊದಲು ಸುಸ್ತು, ಬೇಜಾರು, ಯಾವುದೂ ಬ್ಯಾಡ ಅನಸ್ತದ. ತಡ್ಕೋಬೇಕು. ನಡುವ ಮತ್ತ ತಗೊಂಡ್ರ ಎಲ್ಲಾ ಮೊದಲಿಂದ" ಎಂದರು.

ಹಿಂದಿರುಗುವಾಗ ಕಾರಿನಲ್ಲಿ ಅತ್ತಿಗೆ ಮೊದಲು ನಕ್ಕಳು. ಇಷ್ಟು ವರ್ಷ ಗುಳಿಗೆ ನುಂಗಿದ್ದು, ಹರಕೆ ಹೊತ್ತದ್ದು ನೆನೆದು ನಕ್ಕಳೆಂದು ಕಾಣುತ್ತದೆ. ಆಮೇಲೆ ಡ್ಯಾಮಿನ ಕಾಲುವೆ ದಾಟುವವರೆಗೂ ಅತ್ತಳು. ಅಣ್ಣ ಗಾಡಿ ನಿಲ್ಲಿಸಿದ.

"ಅವ್ವಗ ಹೇಳ್ತೀನಿ, ತಪ್ಪು ನಂದು ಅಂತ" ಎಂದ.

ಅತ್ತಿಗೆ ಕಣ್ಣೊರೆಸಿಕೊಂಡಳು. "ಏನೂ ಹೇಳಬ್ಯಾಡ್ರಿ. ನಿಮ್ಮವ್ವಗ ಗೊತ್ತಾದ್ರ ಓಣಿಗೆ ಗೊತ್ತಾಗ್ತೈತಿ. ಡಾಕ್ಟ್ರು ಒಂದು ವರ್ಷ ತಡೀರಿ ಅಂದಾರ ಅಂತ ಅಷ್ಟ ಹೇಳ್ರಿ. ನಂಗ ಅನಿಸ್ಕೊಂಡು ರೂಢಿ ಐತಿ, ಇನ್ನೊಂದು ವರ್ಷ ಅನಿಸ್ಕೊಂತೀನಿ. ಕೂಸು ಆಗ್ಲಿ ಬಿಡ್ಲಿ, ಅದು ಶಿವನಿಚ್ಛಾ. ಆ ಸೂಜಿ ಮಾತ್ರ ಮತ್ತ ಮುಟ್ಟಬ್ಯಾಡ್ರಿ, ನಂಗ ಅಷ್ಟು ಸಾಕು."

ಅಣ್ಣ ಅವಳ ಕೈ ಹಿಡಿದು ಇಲ್ಲ ಎಂದು ಮಾತು ಕೊಟ್ಟ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಭತ್ತ ತೆನೆ ಕಟ್ಟಿ ಗದ್ದೆಯೆಲ್ಲ ಬಾಗಿತ್ತು. ಎಲ್ಲ ಸರಿಹೋಗುತ್ತದೆ ಎಂದು ನಾನು ಆಗ ನಿಜಕ್ಕೂ ನಂಬಿದ್ದೆ.

ಆಮೇಲಿನ ವಾರಗಳಲ್ಲಿ ಅಣ್ಣ ಕಣ್ಣೆದುರೇ ಇಳಿದ. ಡಾಕ್ಟರು ಹೇಳಿದ್ದು ಅಕ್ಷರಶಃ ನಡೆಯಿತು. ಹೊರಗಿನದು ನಿಂತಿತ್ತು, ಒಳಗಿನದು ಇನ್ನೂ ಎದ್ದಿರಲಿಲ್ಲ. ಮಿಲ್ಲಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಊಟ ಬ್ಯಾಡ, ಮಾತು ಬ್ಯಾಡ. ಐಸ್ ತಂದರೆ ಕೆಳಗಿಂದಲೇ ಹನುಮಂತಣ್ಣನ ಕೈಗೆ ಕೊಟ್ಟು ಹೋಗಿಬಿಡುತ್ತಿದ್ದ. ಅಂಗಿಗಳು ಜೋಲುತ್ತಿದ್ದವು. ಅವ್ವ ಮೆಣಸಿನಕಾಯಿ ಸುಡುವುದನ್ನು ಹೆಚ್ಚು ಮಾಡಿದಳು. "ಅಣ್ಣಾರಿಗೆ ಕಾಮಣಿ ಗೀಮಣಿ ಆಗೇತೇನ್ರಿ" ಎಂದು ಹನುಮಂತಣ್ಣ ಕೇಳಿದ, ಕಾಮಾಲೆ ಇರಬೇಕೆಂದು ಅವನ ಊಹೆ. ಅತ್ತಿಗೆ ಒಬ್ಬಳೇ ಖುಷಿಯಲ್ಲಿದ್ದಳು. ಗಂಡ ಸೊರಗಿದಷ್ಟೂ ಅವನು ಮಾತು ಉಳಿಸಿಕೊಂಡಿದ್ದಾನೆ ಎಂಬುದಕ್ಕೆ ಅದೇ ಗುರುತಾಗಿತ್ತು ಅವಳಿಗೆ. ಹಾಲು, ತುಪ್ಪ, ಶೇಂಗಾ ಹೋಳಿಗೆ ಎಂದು ಮಾಡಿ ಹಾಕುತ್ತಿದ್ದಳು. ಅಂಗಿಗಳನ್ನೆಲ್ಲ ಕೂತು ಒಳಗೆ ಹೊಲಿದಳು.

ಇತ್ತ ಹಂಪಿಯಲ್ಲಿ ಗೌಡನ ಕಾಲ ಮುಗಿಯಿತು. ಪಕ್ಕದ ಗುಂಪಿನಿಂದ ಬಂದ ಹರೆಯದ ಗಂಡೊಂದು ಅದನ್ನು ಕಚ್ಚಿ ಓಡಿಸಿತು. ಅದಾದ ಮೇಲೆ ಗೌಡ ಗುಂಪಿನ ಅಂಚಿನಲ್ಲಿ ಕೂಡುತ್ತಿತ್ತು. ಬಾಳೆಹಣ್ಣು ಎದುರಿಗೆ ಬಿದ್ದರೂ ಸುತ್ತ ನೋಡಿ ಎತ್ತಿಕೊಳ್ಳುತ್ತಿತ್ತು. ಅದರ ಕೊಳವೆಗಳನ್ನು ಆಮೇಲೆ ಮೈಸೂರಿನಲ್ಲಿ ಪರೀಕ್ಷಿಸಿದಾಗ ಹಾರ್ಮೋನು ಪೂರಾ ಇಳಿದಿತ್ತು. ಆದರೆ ಗೌಡ ಸುಮ್ಮನೆ ಕೂತಿತ್ತು, ಮರುವರ್ಷ ಮತ್ತೆ ಏರಿತಂತೆ. ಮಂಗನಿಗೆ ನಾಲ್ಕು ಜನರ ಬಾಯಿಯ ಹೆದರಿಕೆ ಇಲ್ಲವಲ್ಲ.

ಕೊಯ್ಲು ಹತ್ತಿರ ಬಂತು. ಮಿಲ್ಲಿನ ಹಿರಿಯ ಹಮಾಲ ಒಂದು ದಿನ ಅಣ್ಣನಿಗೆ ಹೇಳಿದನಂತೆ, "ಸಾವ್ಕಾರ್ರ, ಮೈಯಾಗ ಹುಷಾರಿಲ್ಲದಂಗ ಕಾಣಾಕತ್ತೀರಿ. ಈ ಸಲ ಪೂಜಿ ಚೀಲ ನಾವ ಹೊರ್ತೀವಿ ಬಿಡ್ರಿ." ಕಳಕಳಿಯಿಂದಲೇ ಹೇಳಿದ್ದ. ಅಣ್ಣ ಆಗಲಿ ನೋಡೋಣ ಅಂದನಂತೆ. ಅದಾದ ಮೇಲೆ ಅಣ್ಣ ಸ್ವಲ್ಪ ಗೆಲುವಾದ. ಊಟ ಸೇರತೊಡಗಿತು. ಅತ್ತಿಗೆ ನನಗೆ ಫೋನು ಮಾಡಿ, "ಡಾಕ್ಟ್ರು ಹೇಳಿದ್ಕಿಂತ ಜಲ್ದಿ ಆರಾಮ ಆಗಾಕತ್ತಾರ ನೋಡು" ಎಂದಳು. ದಿನಾ ನಾಲ್ಕು ಬಾದಾಮಿ ನೆನೆಸಿ ಕೊಡುತ್ತಿದ್ದಳಂತೆ, ಅದರಿಂದಲೇ ಇರಬೇಕು ಎಂದಳು.

ಹೊಸ ಭತ್ತದ ಪೂಜೆಗೆ ನಾನೂ ಕಂಪ್ಲಿಗೆ ಹೋದೆ. ಬೆಳಗಿನ ಎಳೆಬಿಸಿಲು, ಮಿಲ್ಲಿನ ಅಂಗಳದಲ್ಲಿ ಲಾರಿ ನಿಂತಿತ್ತು. ಯಂತ್ರಕ್ಕೆ ಮಾವಿನ ತೋರಣ ಕಟ್ಟಿ ಕಾಯಿ ಒಡೆದರು. ಅತ್ತಿಗೆ ಆರತಿ ತಟ್ಟೆ ಹಿಡಿದು ಗುಂಡಿಯ ಹತ್ತಿರ ನಿಂತಿದ್ದಳು. ಹಮಾಲರು ಸಾಲಾಗಿ ನಿಂತಿದ್ದರು. ಅಣ್ಣ ತಲೆಗೆ ಟವೆಲ್ ಕಟ್ಟಿಕೊಂಡು ಲಾರಿಗೆ ಬೆನ್ನು ಕೊಟ್ಟ. ಮೇಲಿನವರು ಚೀಲ ಇಳಿಸಿದರು.

ಅಣ್ಣ ಆ ಚೀಲವನ್ನು ಹೊತ್ತು ನಡೆದ. ಕಾಲು ನಡುಗಲಿಲ್ಲ, ಉಸಿರು ಕಟ್ಟಲಿಲ್ಲ. ಅಂಗಳ ದಾಟಿ ಬಂದು, ಭುಜ ಓರೆ ಮಾಡಿ, ಒಂದೇ ಸಲಕ್ಕೆ ಗುಂಡಿಗೆ ಸುರಿದ. ಹಮಾಲರು ಶಿಳ್ಳೆ ಹೊಡೆದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಿಂಗಳ ಹಿಂದೆ ಕುರ್ಚಿಯಿಂದ ಏಳಲು ಕೈ ಊರುತ್ತಿದ್ದ ಮನುಷ್ಯ ಇವನು. ಅತ್ತಿಗೆ ನನ್ನ ಕಡೆ ನೋಡಿದಳು. ಅಲ್ಲಿದ್ದ ಅಷ್ಟು ಜನರಲ್ಲಿ ಆ ಚೀಲ ಯಾಕೆ ಅಷ್ಟು ಹಗುರವಾಯಿತು ಎಂದು ಗೊತ್ತಿದ್ದವರು ನಾವಿಬ್ಬರೇ. ನಾನು ಅವಳ ಕಣ್ಣು ತಪ್ಪಿಸಿ ಕೆಳಗೆ ನೋಡಿದೆ.

ಅವಳು ಆರತಿ ಎತ್ತಿದಳು, ಗಂಡನ ಹಣೆಗೆ ವಿಭೂತಿ, ಕುಂಕುಮ ಇಟ್ಟಳು. ಎಲ್ಲರಿಗೂ ಒಗ್ಗಾಣಿ ಬಡಿಸಿದಳು, ಚಹಾ ಕೊಟ್ಟಳು. ಎರಡನೇ ಸಲ ಬೇಕೆಂದವರಿಗೆ ಎರಡನೇ ಸಲ ಹಾಕಿದಳು. ಎಲ್ಲ ಮುಗಿದ ಮೇಲೆ ಮನೆಗೆ ಬಂದು ಅಡುಗೆಮನೆಯಲ್ಲಿ ಅಣ್ಣನನ್ನು ಕೇಳಿದಳು. ನಾನು ಅಲ್ಲೇ ಪಾತ್ರೆ ಜೋಡಿಸುತ್ತಿದ್ದೆ.

"ಯಾವಾಗಿಂದ?"

ಅಣ್ಣ ಸುಳ್ಳು ಹೇಳಲಿಲ್ಲ. "ದೀಪಾವಳಿ ಆದ ಮ್ಯಾಲಿಂದ. ಬರೇ ಈ ಚೀಲಕ್ಕ ನೀಲಾ. ಇವತ್ತಿಗೆ ಮುಗೀತು. ನಾಳಿಂದ ಮುಟ್ಟಂಗಿಲ್ಲ."

ಅತ್ತಿಗೆಯ ದನಿ ಏರಲಿಲ್ಲ. "ನಿಮ್ಮ ಮಾನ ಹೋಗಬಾರ್ದಂತ ನಾನು ಊರ ಮುಂದ ಬಂಜಿ ಅನಿಸ್ಕೊಂಡೆ. ನಿಮಗ ಒಂದು ಚೀಲ ಹೊರಾಕ ಆಗ್ಲಿಲ್ಲ ಅಂತ ಅನಿಸ್ಕೊಳ್ಳಾಕ ಆಗ್ಲಿಲ್ಲ."

ಅಷ್ಟೇ ಹೇಳಿದಳು. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟಳು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ದಾರಿಯಲ್ಲಿ ನಾನೇ ಏನೇನೋ ಮಾತಾಡಿದೆ. ಬಸ್ಸು ಹತ್ತುವಾಗ ನನ್ನ ತಲೆ ಸವರಿ, "ಎಣ್ಣಿ ಹಚ್ಕೊಂತಿರು" ಎಂದಳು.

ಅಣ್ಣ ಮಾರನೇ ದಿನದಿಂದಲೇ ಬಿಟ್ಟ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಹೊಳೆಗೆ ಎಸೆದು ಬಂದ, ಆ ಜಿಮ್ಮಿನ ದಾರಿಯಲ್ಲೇ ಮತ್ತೆ ಹೋಗಲಿಲ್ಲ. ಮತ್ತೆ ಇಳಿದ, ಮತ್ತೆ ಕೂತಲ್ಲೇ ತೂಕಡಿಸಿದ. ಈ ಸಲ ಅವನಿಗೆ ಹೋಳಿಗೆ ಮಾಡಿ ಹಾಕುವವರು ಇರಲಿಲ್ಲ. ಅಣ್ಣನೇ ಎಲ್ಲ ಬಾಯಿಬಿಟ್ಟು ಹೇಳಿದ ಮೇಲೆ ಅವ್ವ ಸಂಡೂರಿನ ಹುಡುಗಿಯ ಮಾತು ಬಿಟ್ಟಳು. ಆದರೆ, "ತಾನಾಗಿ ಹೋದಾಕಿ ತಾನಾಗಿ ಬರ್ಬೇಕು. ನಮ್ಮ ಮನ್ಯಾಗ ಹಂಗ ಕರ್ಯಾಕ ಹೋಗೂ ಪದ್ಧತಿ ಇಲ್ಲ" ಎಂದು ಪಟ್ಟು ಹಿಡಿದಳು.

ನಾನು ಕೊಳವೆಗಳ ಡಬ್ಬಿ ಹೊತ್ತುಕೊಂಡು ಮೈಸೂರಿಗೆ ಹೋದೆ. ಅಲ್ಲಿಂದ ಅಣ್ಣನಿಗೆ ಫೋನು ಮಾಡಿದಾಗೆಲ್ಲ ಒಂದೇ ಮಾತು ಕೇಳುತ್ತಿದ್ದೆ, ಬಂಡ್ರಿಗೆ ಯಾವಾಗ ಹೋಗುತ್ತೀ ಎಂದು.

"ಹೋಗ್ತೀನಿ. ಟೆಸ್ಟು ಸರಿ ಬರ್ಲಿ. ಒಂದು ಸಲ ಮಾತು ಕೊಟ್ಟು ಮುರಿದಾಂವ ನಾ. ಈಗ ಬರಿಗೈಲೆ ಹೋಗಿ ಬಿಟ್ಟೀನಿ ಅಂದ್ರ ಯಾಕ ನಂಬ್ತಾಳ? ಎಲ್ಲಾ ಸರಿ ಆಗೇತಿ ಅಂತ ತೋರ್ಸಾಕ ಏನರ ಬೇಕಲ್ಲ."

ಮಾತು ನನಗೂ ಸರಿ ಎನಿಸಿತು. ಸಾಕ್ಷಿ ಇಲ್ಲದೆ ಏನನ್ನೂ ಹೇಳಬಾರದು ಎಂದು ಪ್ರಯೋಗಾಲಯದಲ್ಲಿ ದಿನಾ ಕಲಿಸುತ್ತಿದ್ದರು. ಅಣ್ಣ ತಿಂಗಳು ತಿಂಗಳು ಪರೀಕ್ಷೆ ಮಾಡಿಸಿದ. ಇಲ್ಲ, ಇಲ್ಲ, ಇಲ್ಲ ಎಂದೇ ಬಂತು. ಎರಡು ಸಲ ಏಟು ತಿಂದ ಮೈ ನಿಧಾನವಾಗಿ ಎದ್ದಿತು. ಮುಂದಿನ ಕೊಯ್ಲು ಮುಗಿದು, ಚಳಿಗಾಲ ಕಳೆಯುವ ಹೊತ್ತಿಗೆ ಡಾಕ್ಟರು ಫೋನು ಮಾಡಿ, ಈಗ ಎಲ್ಲ ಚೆನ್ನಾಗಿದೆ ಎಂದರು. ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂಡ್ರಿಗೆ ಹೊರಡುವ ತಯಾರಿಯಲ್ಲಿದ್ದಾಗ ಅತ್ತಿಗೆಯ ಅಪ್ಪ, ಕಾಕಾ ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ವರ್ಷ ಮೇಲಾಯಿತು, ನಿಮ್ಮಿಂದ ಒಬ್ಬರೂ ಬಂದು ಕೇಳಲಿಲ್ಲ, ಹುಡುಗಿಯನ್ನು ಬಿಟ್ಟುಕೊಡಿ ಎಂದರು. ಬಿಡುಗಡೆ ಬೇಕೆಂದು ಅವಳೇ ಕೇಳಿದ್ದಾಳೆ ಎಂದು ಅಣ್ಣ ತಿಳಿದ. ಡಾಕ್ಟರು ಹೇಳಿದ್ದನ್ನು ಅವರ ಮುಂದೆ ಎತ್ತಲೂ ಇಲ್ಲ. ಆಗಲಿ ಎಂದು ತಲೆ ಆಡಿಸಿದ.

ಅವನು ಮತ್ತೆ ಮದುವೆ ಆಗಲಿಲ್ಲ. ನಾನು ದಾವಣಗೆರೆಗೆ ಬಂದೆ, ಮದುವೆ, ಕೆಲಸ, ನನ್ನದೇ ಸಂಸಾರ. ಮಿಲ್ಲು ಈಗಲೂ ನಡೆಯುತ್ತದೆ.

ಕಳೆದ ತಿಂಗಳು ಹಂಪಿ ನೋಡಿದ ಮೇಲೆ ಮಕ್ಕಳನ್ನು ಇನ್ನೊಬ್ಬ ಮೇಷ್ಟರ ಜೊತೆ ಕಳಿಸಿ, ನಾನು ಒಂದು ದಿನ ಕಂಪ್ಲಿಗೆ ಹೋಗಿ ಬರೋಣವೆಂದು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. "ಉಮಾ" ಎಂದು ಯಾರೋ ಕರೆದರು. ತಿರುಗಿದರೆ ನೀಲತ್ತಿಗೆ. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಪಕ್ಕದಲ್ಲಿ ಶಾಲೆಯ ಯೂನಿಫಾರ್ಮಿನ ಒಂದು ಹುಡುಗಿ. ಎರಡನೇ ಮದುವೆಯಾಗಿ ಸಂಡೂರಿನ ಹತ್ತಿರದ ದೋಣಿಮಲೈನಲ್ಲಿದ್ದಾಳೆಂದು ಕೇಳಿ ತಿಳಿದಿತ್ತು. ಗಂಡ ಗಣಿಯಲ್ಲಿ ಕೆಲಸ, ಒಳ್ಳೆಯವನಂತೆ. ಇಬ್ಬರೂ ಕೈ ಹಿಡಿದುಕೊಂಡು ನಿಂತೆವು. ಮಗಳ ಓದು, ಕ್ವಾರ್ಟರ್ಸಿನ ನೀರು, ನನ್ನ ಬಿಳಿಕೂದಲು ಎಲ್ಲ ಮಾತಾಡಿ ಆಯಿತು. ಸಂಡೂರಿನ ಬಸ್ಸು ಬಂದು ನಿಂತ ಮೇಲೆ ಕೇಳಿದಳು.

"ನಿಮ್ಮಣ್ಣ ಹೆಂಗದಾರ?"

"ಆರಾಮದಾರ."

"ಆ ಸೂಜಿ?"

"ಯಾವಾಗೋ ಬಿಟ್ಟಾರ ಅತ್ತಿಗಿ. ನೀವು ಹೋದ ಮರುದಿನಾನ ಬಿಟ್ರು. ಮತ್ತ ಮುಟ್ಟಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಮಗಳು ಬಸ್ಸಿನೊಳಗೆ ಹೋಗಿ ಸೀಟು ಹಿಡಿದು ಅಮ್ಮನನ್ನು ಕರೆಯುತ್ತಿದ್ದಳು.

"ನಂಗ್ಯಾರೂ ಹೇಳ್ಲಿಲ್ಲಲ್ಲ" ಎಂದಳು. "ಬಿಟ್ಟೀನಿ ಅಂತ ಒಂದು ಮಾತು ಬಂದಿದ್ರ ಸಾಕಿತ್ತು. ಆ ವರ್ಷ ಪೂರ್ತಿ ಹೊಸಪೇಟಿ ಬಸ್ಸು ಬಂದಾಗೊಮ್ಮೆ ಹೊರಗ ಬಂದು ನೋಡೀನಿ ನಾ."

ಅಣ್ಣ ಟೆಸ್ಟು ಸರಿಯಾಗಲೆಂದು ಕಾದದ್ದನ್ನು ಹೇಳಲು ಬಾಯಿ ತೆರೆದೆ. ಕಂಡಕ್ಟರು ಸೀಟಿ ಊದಿದ. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ನಾ ಕಾದಿದ್ದೆ ಅಂತ ಅವರಿಗೆ ಹೇಳಬ್ಯಾಡ. ತಡ್ಕೊಳ್ಳಂಗಿಲ್ಲ ಅವರು."

ಸಂಜೆ ಕಂಪ್ಲಿಯಲ್ಲಿ ಅಣ್ಣನೇ ನನಗೆ ಊಟ ಬಡಿಸಿದ. ಅವ್ವನಿಗೆ ಈಗ ಏಳಲು ಆಗುವುದಿಲ್ಲ. ರೊಟ್ಟಿ ಹಾಕಿ, ಪಲ್ಯ ಹಾಕಿ, ಎದುರಿಗೆ ಕೂತು ಕೇಳಿದ.

"ಹೊಸಪೇಟ್ಯಾಗ ಗುರ್ತಿನವರು ಯಾರರ ಸಿಕ್ಕಿದ್ರೇನು?"

ನಾನು ಆ ಕಡೆಯಿಂದ ಬಂದಾಗೆಲ್ಲ ಅವನು ಈ ಪ್ರಶ್ನೆ ಕೇಳುತ್ತಾನೆ. ಯಾರನ್ನು ಕೇಳುತ್ತಿದ್ದಾನೆಂದು ನನಗೆ ಗೊತ್ತು.

"ಯಾರೂ ಸಿಗ್ಲಿಲ್ಲಣ್ಣ" ಎಂದೆ.